ಹನ್ನೊಂದನೇ ಮೊಳೆ

ಬಿಲ್ಲೆಯಮ್ಮ ಆರು ತಿಂಗಳಿಂದ ಕದ್ದುಮುಚ್ಚಿ ಮೆಟ್ಟಿಲು ಹತ್ತುತ್ತಿದ್ದಳು. ಮನೆ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟು ಇದೆ, ಕೆಟ್ಟಿಲ್ಲ. ಆದರೂ ಮಗ ಕೆಲಸಕ್ಕೆ ಹೊರಟ ಕೂಡಲೇ ಮಂಡಿಗೆ ಪಟ್ಟಿ ಬಿಗಿದುಕೊಂಡು ಹತ್ತುವಳು, ಇಳಿಯುವಳು, ಮತ್ತೆ ಹತ್ತುವಳು, ನೂರ ತೊಂಬತ್ತನಾಲ್ಕು ಆಗುವ ತನಕ. ಹಳೆಯ ತಾಮ್ರದ ಗಣಿಯೊಳಗೆ ಇಳಿಯಲು ಅಷ್ಟು ಮೆಟ್ಟಿಲು ಎಂದು ಸೊಸೆ ತಂದ ಪ್ರವಾಸದ ಕಾಗದದಲ್ಲಿ ಅಚ್ಚಾಗಿತ್ತು. ಎಪ್ಪತ್ತಮೂರರ ಮಂಡಿ ಮೊದಲ ವಾರ ಅಯ್ಯೋ ಅಂದಿತು, ಎರಡನೇ ವಾರ ಬೈಯಿತು, ಮೂರನೇ ತಿಂಗಳಿಗೆ ಬಾಯಿ ಮುಚ್ಚಿತು. ಮಂಡಿಯಾದರೇನು, ಮಗನಾದರೇನು, ಇವಳ ಹಠದ ಮುಂದೆ ಯಾರ ಆಟವೂ ನಡೆಯುವುದಿಲ್ಲ.

ಅದೇ ಗಣಿಯಲ್ಲಿ ಅವಳು ಮೂವತ್ತೊಂದು ವರ್ಷ ದುಡಿದಿದ್ದಳು. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಹೆಂಗಸು ಒಳಗೆ ಹೋದರೆ ಅಪಶಕುನ ಎಂದು ಆಗಿನ ದೊಡ್ಡವರ ಮಾತು. ಆ ದೊಡ್ಡವರು ಹೋದರು, ಗಣಿಯೂ ಮುಚ್ಚಿತು, ಈಗ ಟಿಕೆಟ್ಟು ಹಿಡಿದವರಿಗೆಲ್ಲ ಬಾಗಿಲು ತೆರೆದಿದೆ. ಅಪಶಕುನ ಯಾವ ಕಡೆ ಓಡಿಹೋಯಿತೋ, ಕಂಡವರಿಲ್ಲ.

ಅವಳ ಕೆಲಸ ಸುರಂಗದ ಬಾಯಲ್ಲಿದ್ದ ದೀಪದ ಕೋಣೆಯಲ್ಲಿ. ಗೋಡೆಗೆ ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ನಂಬರು, ನಂಬರಿಗೊಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವನು ದೀಪದ ಜೊತೆ ತನ್ನ ಬಿಲ್ಲೆ ಒಯ್ಯಬೇಕು, ಹೊರಬಂದಾಗ ಎರಡನ್ನೂ ಒಪ್ಪಿಸಬೇಕು. ಮೊಳೆ ಖಾಲಿ ಇದ್ದರೆ ಆಳು ಒಳಗಿದ್ದಾನೆ ಎಂದರ್ಥ. ಸಂಜೆ ಎಲ್ಲ ಬಿಲ್ಲೆಯೂ ಮೊಳೆಗೆ ಬಿದ್ದ ಮೇಲೆ ಇವಳು ಕಿಟಕಿಯಿಂದ ಕೂಗುವಳು: "ಎಲ್ಲ ಇವೆ, ಬೀಗ ಹಾಕಿ!" ಆಮೇಲೇ ಗೇಟಿಗೆ ಬೀಗ.

ಒಂದು ಸಂಜೆ ಮಾತ್ರ ಇನ್ನೂರ ಹನ್ನೆರಡನೇ ಮೊಳೆ ಖಾಲಿ ಉಳಿಯಿತು. ಇವಳು ಜಪ್ಪಯ್ಯ ಅಂದರೂ ಬೀಗ ಹಾಕಗೊಡಲಿಲ್ಲ. ಮೂರು ಜನ ಎರಡು ಗಂಟೆ ಸುರಂಗವೆಲ್ಲ ಜಾಲಾಡಿದರು. ಆ ಮಹಾನುಭಾವ ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗಿ ಮುಸುಕು ಹೊದ್ದು ಮಲಗಿದ್ದ! ಮರುದಿನ ಮೇಲ್ವಿಚಾರಕ ಇಡೀ ಪಾಳಿಯ ಎದುರು ಇವಳನ್ನು ನಿಲ್ಲಿಸಿ, "ನಮ್ಮ ಬಿಲ್ಲೆಯಮ್ಮನ ಕಣ್ಣಿಗೆ ಮನೇಲಿ ಗೊರಕೆ ಹೊಡೆಯೋನೂ ಗಣಿಯೊಳಗೇ ಕಾಣ್ತಾನೆ ಕಣ್ರಪ್ಪಾ" ಎಂದ. ನಾನ್ನೂರು ಜನ ನಕ್ಕರು. ಬಿಲ್ಲೆಯಮ್ಮ ಎಂಬ ಹೆಸರು ಅಂಟಿಕೊಂಡದ್ದು ಅಂದೇ. ಹೋಗಲಿ ಎಂದರೆ ಹೆತ್ತ ಮಗನೇ ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿ ನಗಿಸುತ್ತಿದ್ದ. ಇವಳೂ ಜೊತೆಗೆ ನಗುವಳು. ಒಳಗೊಳಗೇ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಒಳಗೆ ಉಳಿಯಲಿಲ್ಲ, ಆದರೆ ನೆನಪಿನಲ್ಲಿ ಉಳಿದದ್ದು ಆ ಗೊರಕೆ ಒಂದೇ.

ಪ್ರವಾಸಕ್ಕೆ ಜೊತೆಯಾದವಳು ಸೊಸೆ. ಅವಳು ಜನರಿಗೆ ಕಾರು ಓಡಿಸುವುದನ್ನು ಕಲಿಸುವವಳು, ದಿನವೂ ಹತ್ತು ಸಲ ಸಾವನ್ನು ಪಕ್ಕದ ಸೀಟಿನಲ್ಲಿ ಕೂತು ನೋಡುವವಳು, ಹಾಗಾಗಿ ಯಾವುದಕ್ಕೂ ಹೆದರುತ್ತಿರಲಿಲ್ಲ.

"ಅತ್ತೆ, ಮಂಡಿ ಕೈಕೊಟ್ರೆ ಈಗಲೇ ಹೇಳಿ. ಒಳಗೆ ಹೋದ್ಮೇಲೆ ನಾನು ಹೊತ್ಕೊಂಡು ಬರಲ್ಲ."

"ನೀನು ಸುಸ್ತಾದ್ರೆ ಹೇಳು, ನಾನು ಹೊತ್ಕೊಂಡು ಬರ್ತೀನಿ," ಎಂದಳು ಬಿಲ್ಲೆಯಮ್ಮ.

ಪ್ರವಾಸದ ಬಸ್ಸಿನಲ್ಲಿ ಬಂದವರು ಹದಿನೇಳು ಜನ. ಗಣಿಯ ಗೇಟಿನ ಹತ್ತಿರ ಇನ್ನೊಬ್ಬರು ಸೇರಿಕೊಂಡರು. ತಾವೇ ಬೇರೆ ಬಸ್ಸು ಹಿಡಿದು ಒಂಟಿಯಾಗಿ ಬಂದಿದ್ದ ನಿವೃತ್ತ ಮೇಷ್ಟ್ರು, ತಲೆಗೆ ಚೌಕಳಿ ಟೋಪಿ, ಕಿವಿಗೆ ಮಷೀನು. ಅಲ್ಲಿಗೆ ಹದಿನೆಂಟು. ಕೊರಳಲ್ಲಿ ಸೀಟಿ ತೂಗುಬಿಟ್ಟುಕೊಂಡಿದ್ದ ಗೈಡು ಎಲ್ಲರಿಗೂ ಹಳದಿ ಹೆಲ್ಮೆಟ್ಟು ಹಂಚಿ, ಹಳೆಯ ಬಿಲ್ಲೆಗಳ ತಟ್ಟೆ ತಂದ.

"ಇದು ಸುಮ್ನೆ ತಮಾಷೆಗೆ. ಆಗಿನ ಕಾಲದಲ್ಲಿ ಒಳಗೆ ಹೋಗೋರಿಗೆ ಇದನ್ನ ಕೊಡ್ತಿದ್ರಂತೆ. ಯಾವುದಾದ್ರೂ ಒಂದು ತಗೊಳ್ಳಿ," ಎಂದು ತಟ್ಟೆಯನ್ನು ಗಲಗಲ ಅಲ್ಲಾಡಿಸಿದ.

ಯಾವುದಾದರೂ ಒಂದಂತೆ! ಬಿಲ್ಲೆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಟ್ಟಳು. ಒಂದರಿಂದ ಹದಿನೆಂಟರವರೆಗೆ ಆರಿಸಿ, ಸಾಲು ನಿಲ್ಲಿಸಿ, ಮುಖ ನೋಡಿ, ನಂಬರು ಹೇಳಿ, ಕೈಗೆ ಕೊಡುತ್ತ ಹೋದಳು. ಹನ್ನೊಂದನೆಯದು ಟೋಪಿಯ ಮೇಷ್ಟ್ರಿಗೆ ಬಂತು. ಕಿವಿ ಮಂದ ಎಂದು ತಿಳಿದು ದನಿ ಎತ್ತರಿಸಿದಳು. ಹೊಸ ಆಳುಗಳಿಗೆ ಹೇಳುತ್ತಿದ್ದ ಹಳೆಯ ಮಾತು ತಾನಾಗಿ ಬಾಯಿಗೆ ಬಂತು.

"ದೀಪ ಆರಿದ್ರೆ ನಡೀಬೇಡಿ. ಇದ್ದಲ್ಲೇ ಕೂತ್ಕೊಳ್ಳಿ. ಮೊಳೆ ನೋಡ್ಕೊಂಡು ನಾವೇ ಬರ್ತೀವಿ."

ಸುತ್ತಲಿದ್ದವರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ತಲೆಯಾಡಿಸಿ ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಇಳಿಯುವಾಗ ಬಿಲ್ಲೆಯಮ್ಮ ಮೆಟ್ಟಿಲು ಎಣಿಸುವುದನ್ನೇ ಮರೆತಳು. ಬಂಡೆ ತಣ್ಣಗಿತ್ತು. ಮುಟ್ಟಿದರೆ ಬೆರಳಿಗೆ ನೀರು. ವಿದ್ಯುತ್ ದೀಪದ ಬೆಳಕಿನಲ್ಲಿ ಗೋಡೆಯ ಉದ್ದಕ್ಕೂ ಹಸಿರು ಗೆರೆಗಳು, ಒಂದೊಂದು ಕಡೆ ನವಿಲು ಬಣ್ಣ. ಅಯ್ಯೋ, ಒಳಗೆ ಇಷ್ಟೊಂದು ಚೆಲುವಿತ್ತೇ! ಮೂವತ್ತೊಂದು ವರ್ಷ ನಾನ್ನೂರು ಗಂಡಸರಲ್ಲಿ ಒಬ್ಬನಾದರೂ ಬಾಯಿ ಬಿಟ್ಟು ಹೇಳಿದನೇ? ಅವಳಿಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಸೊಸೆಗೆ ಕಾಣದ ಹಾಗೆ ಒರೆಸಿಕೊಂಡಳು.

ಕೊನೆಯ ಸುರಂಗದಲ್ಲಿ ಹಳೆಯ ಆಳವಾದ ಬಾವಿಯೊಂದಿತ್ತು. ಅದರ ಸುತ್ತ ಸೊಂಟದೆತ್ತರದ ಒಂದೇ ಒಂದು ಕಬ್ಬಿಣದ ಪೈಪು. ಗೈಡು ಕಲ್ಲು ಎಸೆದು ತೋರಿಸಿದ. ಅದು ನೀರಿಗೆ ಬಿದ್ದ ಸದ್ದು ಕೇಳುವಷ್ಟರಲ್ಲಿ ಒಬ್ಬ ಹುಡುಗಿ ಎರಡು ಸಲ ಆಕಳಿಸಿದಳು. ಆಮೇಲೆ ಗೈಡು ಬಾಯಿಪಾಠ ಒಪ್ಪಿಸಿದ: "ಈ ಗಣಿಯಲ್ಲಿ ಸಾವಿರಾರು ಗಂಡಸರು ಬೆವರು ಸುರಿಸಿದ್ದಾರೆ. ಹೆಂಗಸರು ಯಾರೂ ಇಲ್ಲಿ ಕೆಲಸ ಮಾಡಿಲ್ಲ."

"ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರಪ್ಪಾ?" ಎಂದಳು ಬಿಲ್ಲೆಯಮ್ಮ.

ಗೈಡಿಗೆ ಅರ್ಥವಾಗಲಿಲ್ಲ. ಸೊಸೆಗೆ ಆಯಿತು, ಅವಳು ಅತ್ತೆಯ ಭುಜ ಅದುಮಿದಳು. ಗೈಡು ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದ. ಅವರು ದಾಟಿ ಬಂದ ಹಾಗೆಲ್ಲ ಹಿಂದಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬಂದ.

ಹತ್ತುವಾಗ ಎಲ್ಲರಿಗಿಂತ ಮುಂದೆ ಬಿಲ್ಲೆಯಮ್ಮ. ತೋಳು ಉಬ್ಬಿಸಿಕೊಂಡು ಬಂದಿದ್ದ ಗಟ್ಟಿಮುಟ್ಟಾದ ಪ್ರವಾಸಿಯೊಬ್ಬ ನೂರನೇ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತ. "ಬಾಪ್ಪಾ, ಬಾ, ಇನ್ನು ತೊಂಬತ್ತನಾಲ್ಕೇ," ಎಂದು ಅವನನ್ನು ಹುರಿದುಂಬಿಸಿ ಇವಳು ಮೇಲೆ ಹೋದಳು. ಹೊರಗಿನ ಬಿಸಿಲು ಮುಖಕ್ಕೆ ಬಡಿದಾಗ ಕುಣಿಯಬೇಕು ಅನ್ನಿಸಿತು. ಮಂಡಿಗೆ ಅಷ್ಟು ಸಲಿಗೆ ಕೊಡುವುದು ಬೇಡ ಎಂದು ಬಿಟ್ಟಳು.

ಗೈಡು ಇವಳ ಬೆನ್ನಿಗೇ ಹತ್ತಿ ಬಂದು ಸುರಂಗದ ಬಾಯಲ್ಲಿ ನಿಂತು, ಹೊರಬಂದ ಒಂದೊಂದು ಹೆಲ್ಮೆಟ್ಟನ್ನೂ ಮುಟ್ಟಿ ಎಣಿಸಿದ. ಹದಿನೆಂಟು. ಅವತ್ತಿನ ಕೊನೆಯ ತಂಡ ಅದು, ಮುಂದೆ ಎರಡು ದಿನ ರಜೆ. ಜನ ಹೆಲ್ಮೆಟ್ಟುಗಳನ್ನು ಪೆಟ್ಟಿಗೆಗೆ ಎಸೆದು, ಬಿಲ್ಲೆಗಳನ್ನು ತಟ್ಟೆಗೆ ಎಸೆದು ಬಸ್ಸಿನ ಕಡೆ ಓಡಿದರು. ಬಿಲ್ಲೆಯಮ್ಮ ಮಾತ್ರ ತಟ್ಟೆ ಎತ್ತಿಕೊಂಡು ದೀಪದ ಕೋಣೆಗೆ ಹೋದಳು. ಹಲಗೆ ಇನ್ನೂ ಅಲ್ಲೇ ಇತ್ತು. ಒಂದು, ಎರಡು, ಮೂರು ಎಂದು ಬಿಲ್ಲೆಗಳನ್ನು ತೂಗುಹಾಕುತ್ತ ಬಂದಳು. ಹನ್ನೊಂದನೇ ಮೊಳೆ ಖಾಲಿ.

ತಟ್ಟೆ ಮಗುಚಿ ನೋಡಿದಳು. ನೆಲ ನೋಡಿದಳು. ಇಲ್ಲ.

"ಗೇಟಿಗೆ ಬೀಗ ಹಾಕ್ಬೇಡಪ್ಪಾ!" ಎಂದು ಕಿಟಕಿಯಿಂದ ಕೂಗಿದಳು. "ಹನ್ನೊಂದು ಬಂದಿಲ್ಲ. ಟೋಪಿ ಮೇಷ್ಟ್ರು ಒಳಗಿದ್ದಾರೆ."

ಗೈಡು ಬೀಗ ಹಿಡಿದುಕೊಂಡೇ ಬಂದ. "ಅಜ್ಜಿ, ನಾನೇ ತಲೆ ಮುಟ್ಟಿ ಎಣಿಸಿದ್ದೀನಿ. ಹದಿನೆಂಟು ಸರಿಯಾಗಿದೆ. ಬಸ್ಸಿನವರೂ ನಿಮ್ಮಿಬ್ಬರನ್ನ ಸೇರಿಸಿ ಹದಿನೇಳು ಸರಿಯಾಗಿದ್ದಾರೆ. ಅವರು ತಾವೇ ಬಂದೋರು, ತಾವೇ ಹೋಗಿರ್ತಾರೆ. ಬಿಲ್ಲೆ ನೆನಪಿಗೆ ಅಂತ ಜೇಬಲ್ಲಿಟ್ಕೊಂಡಿರ್ತಾರೆ. ವಾರಕ್ಕೆ ಎರಡು ಹಂಗೇ ಹೋಗುತ್ತೆ."

ಜೇಬು! ಇನ್ನೂರ ಹನ್ನೆರಡನೇ ಮೊಳೆ ಬಿಲ್ಲೆಯಮ್ಮನ ಕಣ್ಣ ಮುಂದೆ ಬಂತು, ಆ ಗೊರಕೆ, ಆ ನಗು. ಈ ಸಲವೂ ಹಾಗೇ ಆದರೆ ಸಾಯುವ ತನಕ ಮನೆಯಲ್ಲಿ ಎರಡು ಕಥೆ ಕೇಳಬೇಕು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಮೊಳೆ ಖಾಲಿ ಇದೆ. ಆ ಬಾವಿಗೆ ಒಂದೇ ಒಂದು ಪೈಪು ಇದೆ.

"ತಲೆ ಎಣಿಸುವಾಗ ತಪ್ಪಬಹುದು ಕಣಪ್ಪಾ. ಮೊಳೆ ತಪ್ಪಲ್ಲ. ನಾನು ಇಲ್ಲಿಂದ ಕದಲಲ್ಲ."

ಬಸ್ಸು ಹಾರ್ನ್ ಹೊಡೆಯಿತು. ಒಳಗಿದ್ದವರು ಕಿಟಕಿಯಿಂದ ಗೊಣಗಿದರು. ಸೊಸೆ ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಗೊರಕೆಯ ಕಥೆಯನ್ನು ಅವಳೂ ಐವತ್ತು ಸಲ ಕೇಳಿದ್ದಳು, ಐವತ್ತು ಸಲ ನಕ್ಕಿದ್ದಳು.

"ಅತ್ತೆ, ಖಂಡಿತಾನಾ?"

"ಬಿಲ್ಲೆ ಖಂಡಿತ. ಮಿಕ್ಕಿದ್ದು ಗೊತ್ತಿಲ್ಲ."

ಸೊಸೆ ಸೀದಾ ಬಸ್ಸಿಗೆ ಹೋಗಿ, ಡ್ರೈವರು ಏನು ಏನು ಅನ್ನುವಷ್ಟರಲ್ಲಿ ಕೀಲಿ ಕಿತ್ತುಕೊಂಡು ಬಂದು ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ಗೈಡಿನ ಕಡೆ ತಿರುಗಿದಳು.

"ದೀಪ ತಗೊಳ್ಳಿ, ಹೋಗೋಣ. ಅವರು ಒಳಗಿಲ್ಲ ಅಂದ್ರೆ ಬಸ್ಸಲ್ಲಿರೋ ಒಬ್ಬೊಬ್ಬರ ಹತ್ರಾನೂ ನಾನೇ ಕ್ಷಮೆ ಕೇಳ್ತೀನಿ."

ಗೈಡು ಹಲ್ಲು ಕಡಿಯುತ್ತ ಸುರಂಗದ ದೀಪ ಹಾಕಿದ. ಇಬ್ಬರೂ ಇಳಿದುಹೋದರು.

ಬಿಲ್ಲೆಯಮ್ಮ ಹಲಗೆಯ ಮುಂದೆ ನಿಂತಳು. ಅವರ ಹಿಂದೆ ಹೋಗಲು ಅವಳ ಕಾಲು ತುಡಿಯುತ್ತಿತ್ತು, ಆದರೆ ಹಲಗೆ ಬಿಟ್ಟು ಹೋಗುವ ಹಾಗಿಲ್ಲ, ಅದು ಕೋಣೆಯ ಕಟ್ಟಳೆ. ಐದು ನಿಮಿಷವಾಯಿತು, ಹತ್ತಾಯಿತು. ಮೇಷ್ಟ್ರು ಒಳಗೇ ಇರಲಿ ದೇವರೇ ಎಂದು ಬೇಡಿಕೊಂಡುಬಿಟ್ಟಳು. ಮರುಕ್ಷಣ, ಥೂ, ಇದೆಂಥ ಬೇಡಿಕೆ, ನನ್ನ ಮಾನ ಉಳಿಯಲಿ ಎಂದು ಪಾಪದವರು ಕತ್ತಲಲ್ಲಿರಬೇಕೇ ಎಂದು ತನ್ನನ್ನೇ ಬೈದುಕೊಂಡಳು. ಮನೆಯಲ್ಲೇ ಮಲಗಿರಲಿ. ಗೊರಕೆ ಹೊಡೆಯಲಿ. ನಗುವವರು ನಗಲಿ, ನಕ್ಕರೆ ಮೈಯೇನು ಸವೆಯುವುದಿಲ್ಲ.

ಅಷ್ಟರಲ್ಲಿ ನಲ್ಲಿಯ ಹತ್ತಿರ ಕೈಕಾಲು ತೊಳೆದುಕೊಂಡ ಗಣಿಯ ಎಲೆಕ್ಟ್ರಿಷಿಯನ್ ಹಳದಿ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ಏನಮ್ಮಾ ಗಲಾಟೆ? ಬಸ್ಸು ಇನ್ನೂ ಹೊರಟಿಲ್ವಾ?"

"ನೀನೆಲ್ಲಿದ್ದೆಯಪ್ಪಾ?"

"ಒಳಗೇ. ಬಲ್ಬು ಬದಲಾಯಿಸ್ತಿದ್ದೆ. ನಿಮ್ಮ ಗುಂಪಿನ ಬಾಲ ಹಿಡ್ಕೊಂಡೇ ಮೇಲೆ ಬಂದೆ. ನಮ್ಮ ಗೈಡು ಮುಖಾನೂ ನೋಡದೆ ನನ್ನ ತಲೆನೂ ಮುಟ್ಟಿ ಹದಿನೆಂಟು ಅಂದ ನೋಡಿ, ನಗು ಬಂತು."

ಬಿಲ್ಲೆಯಮ್ಮನಿಗೆ ನಗು ಬರಲಿಲ್ಲ. ಹಲಗೆಯನ್ನು ಹಿಡಿದುಕೊಂಡಳು. "ಓಡು," ಎಂದಳು, "ಓಡಪ್ಪಾ, ಬಾವಿ ಇರೋ ಸುರಂಗಕ್ಕೆ ಓಡು!"

ಅವನು ಗೇಟು ಮುಟ್ಟುವ ಮೊದಲೇ ಕೆಳಗಿನಿಂದ ಸೊಸೆಯ ಕೂಗು ಬಂತು. ಸಂದಣಿ ರಸ್ತೆಯಲ್ಲಿ ಬ್ರೇಕು ಹಾಕಿಸುವ ಗಂಟಲು ಅದು, ನೂರ ತೊಂಬತ್ತನಾಲ್ಕು ಮೆಟ್ಟಿಲು ಅದಕ್ಕೆ ಯಾವ ಲೆಕ್ಕ.

"ಅತ್ತೇ! ಇದ್ದಾರೇ! ಕೂತಿದ್ದಾರೇ!"

ಬಸ್ಸಿನಲ್ಲಿದ್ದವರೆಲ್ಲ ದಡದಡ ಇಳಿದು ಬಂದರು. ಮೇಷ್ಟ್ರು ಗೈಡಿನ ಭುಜ ಹಿಡಿದು ಮೆಲ್ಲಗೆ ಹತ್ತಿ ಬಂದರು. ಬಾವಿಯ ಪಕ್ಕದ ಮೂಲೆಯಲ್ಲಿ ಗೋಡೆಯ ಹಸಿರು ಗೆರೆ ನೋಡುತ್ತ ನಿಂತಿದ್ದರಂತೆ, ಕಿವಿಯ ಮಷೀನಿನ ಬ್ಯಾಟರಿ ಮುಗಿದಿತ್ತಂತೆ, ಸೀಟಿ ಕೇಳಲಿಲ್ಲವಂತೆ. ತಿರುಗಿ ನೋಡಿದರೆ ಕಗ್ಗತ್ತಲು.

"ಪೈಪು ಅವರ ಕೈಯಳತೆಯಲ್ಲಿತ್ತು ಅತ್ತೆ," ಎಂದಳು ಸೊಸೆ. "ಎರಡು ಹೆಜ್ಜೆ ಇಟ್ಟಿದ್ರೆ ಮುಗೀತಿತ್ತು."

"ಯಾಕಮ್ಮಾ ಹೆಜ್ಜೆ ಇಡಲಿ?" ಎಂದರು ಮೇಷ್ಟ್ರು, ಅವಳ ತುಟಿ ನೋಡಿ ಮಾತು ತಿಳಿದುಕೊಂಡು. ಬಿಲ್ಲೆಯಮ್ಮನ ಕಡೆ ಕೈ ತೋರಿದರು. "ದೀಪ ಆರಿದ್ರೆ ನಡೀಬೇಡಿ, ಕೂತ್ಕೊಳ್ಳಿ, ಬರ್ತೀವಿ ಅಂತ ಈ ಅಮ್ಮ ಹೇಳಿದ್ರಲ್ಲ. ಕೂತೆ. ಬಂದ್ರಿ."

ಆ ಗಟ್ಟಿಮುಟ್ಟಾದ ಪ್ರವಾಸಿ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ, ಕೀಲಿ ಕಳೆದುಕೊಂಡ ಡ್ರೈವರೂ ಸೇರಿ. ಸೊಸೆ ಫೋನು ತೆಗೆದು ಗಂಡನಿಗೆ, "ರೀ, ಇನ್ಮೇಲೆ ನಮ್ಮನೇಲಿ ಆ ಗೊರಕೆ ಕಥೆ ಬಂದ್. ಹೊಸ ಕಥೆ ಇದೆ, ನಾನೇ ಹೇಳ್ತೀನಿ," ಎಂದಳು. ಗೈಡು ಬೀಗ ಹಿಡಿದು ತಲೆ ತಗ್ಗಿಸಿಕೊಂಡು ಬಂದ.

"ಅಮ್ಮಾ, ನೀವು... ನೀವಿಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಇದೇ," ಎಂದಳು ಬಿಲ್ಲೆಯಮ್ಮ.

ಮೇಷ್ಟ್ರು ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದರು. ಗೈಡು ಕೈ ಚಾಚಿದ. ಅವರು ಅವನನ್ನು ದಾಟಿ ಬಂದು ಬಿಲ್ಲೆಯಮ್ಮನ ಅಂಗೈಯಲ್ಲಿಟ್ಟರು. ಹಿತ್ತಾಳೆ ಬೆಚ್ಚಗಿತ್ತು. ಅವಳು ಅದನ್ನು ಹನ್ನೊಂದನೇ ಮೊಳೆಗೆ ತೂಗುಹಾಕಿ, ಬೆನ್ನು ನೆಟ್ಟಗೆ ಮಾಡಿ, ಹಲಗೆಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು.

"ಎಲ್ಲ ಇವೆ," ಎಂದು ಕೂಗಿದಳು, ಮೂವತ್ತೊಂದು ವರ್ಷ ಕೂಗಿದ ಅದೇ ದನಿಯಲ್ಲಿ. "ಈಗ ಬೀಗ ಹಾಕಪ್ಪಾ!"