ಧಮ್ಮಪಾಲನ ಟವಲು

ಭಾತಂಬ್ರಾ ಕಡೆಯ ಲೈನ್‌ಮನ್‌ಗಳಾದ ನಮ್ಮಲ್ಲಿ ಒಂದು ರೂಢಿಯಿದೆ. ಕರೆಂಟ್ ಬಂದ್ ಮಾಡಿ ಕಂಬ ಹತ್ತುವವನು ತನ್ನ ಟವಲನ್ನು ಸ್ವಿಚ್ಚಿನ ಹಿಡಿಕೆಗೆ ಬಿಗಿದು ಹೋಗುತ್ತಾನೆ. ಟವಲಿದೆ ಎಂದರೆ ಮೇಲೆ ಮನುಷ್ಯನಿದ್ದಾನೆ. ಇಳಿದು ಬಂದು ಅವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

ನನ್ನ ಜೋಡಿಯ ಲೈನ್‌ಮನ್ ಧಮ್ಮಪಾಲ ಕಂಬದ ಮೇಲಿದ್ದಾಗಲೇ ಯಾರೋ ಕರೆಂಟ್ ಬಿಟ್ಟರು. ನಾನು ಓಡಿ ಬರುವಷ್ಟರಲ್ಲಿ ತಂತಿಗೆ ಜೋತುಬಿದ್ದಿದ್ದ. ಸ್ವಿಚ್ಚಿನ ಕೆಳಗೆ ಅವನ ಟವಲು ಸಿಕ್ಕಿತು. ಗಂಟು ಹಾಗೇ ಇತ್ತು, ಬಟ್ಟೆಯನ್ನು ಕೊಯ್ದಿದ್ದರು. ಬಿಚ್ಚುವಷ್ಟು ಪುರುಸೊತ್ತೂ ಕೊಯ್ದ ಪುಣ್ಯಾತ್ಮನಿಗೆ ಇರಲಿಲ್ಲ. ಕೊಯ್ದವರು ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಬೀದರಿನ ಕರೆಂಟ್ ಆಫೀಸಿನಲ್ಲಿ ಸಾಹೇಬರ ಮುಂದೆ ವಿಚಾರಣೆ. ಧಮ್ಮಪಾಲನ ಹೆಂಡತಿ ಸುಮನಳ ಜೊತೆ ನಾನೂ ಹೋದೆ. ತಪ್ಪು ಗಂಡನದೇ ಎಂದಾದರೆ ಅವನ ನೌಕರಿ ಅವಳಿಗೆ ಸಿಗುವುದಿಲ್ಲ.

"ನೆಗ್ಲಿಜೆನ್ಸ್," ಎಂದರು ಸಾಹೇಬರು. "ಅವನದೇ."

"ಹಂಗಂದ್ರ ಏನ್ರಿ ಸಾಹೇಬ್ರ?" ಎಂದೆ ನಾನು.

"ಲಾಪರವಾಹಿ. ನಿಷ್ಕಾಳಜಿ. ಲೈನ್ ಬಂದ್ ಮಾಡದೇ ಹತ್ಯಾನ."

ಸುಮನ ಟವಲನ್ನು ಮೇಜಿನ ಮೇಲಿಟ್ಟಳು. "ಬಂದ್ ಮಾಡೇ ಇದನ್ನ ಕಟ್ಯಾರ್ರಿ. ಗಂಟು ನೋಡ್ರಿ. ಮ್ಯಾಲಿದ್ದವರು ಕೆಳಗ ಬಂದು ಕೊಯ್ಯಾಕಾಗ್ತದೇನ್ರಿ?"

ಸಾಹೇಬರು ಬಹಳ ಹೊತ್ತು ಗಂಟನ್ನೇ ನೋಡಿದರು. ಪುರಾವೆಗೆ ಇರಲಿ ಎಂದು ಟವಲು ಇಟ್ಟುಕೊಂಡರು. ಹೊರಗೆ ಬಂದು ಸುಮನ ಚಹಾ ಕುಡಿದಳು. ನನಗೂ ಜೀವ ಬಂದ ಹಾಗಾಯಿತು.

ಮುಂದಿನ ವಿಚಾರಣೆಗೆ ಟವಲೇ ಇರಲಿಲ್ಲ. ಕಪಾಟು ತೆರೆದರು, ಮೇಜಿನ ಕೆಳಗೆ ಬಗ್ಗಿದರು, ಜವಾನನನ್ನು ಬೈದರು.

"ಎಲ್ಲೋ ಕೈತಪ್ಪಿ ಹೋಗ್ಯದ ಸುಮನಬಾಯಿ," ಎಂದರು ಸಾಹೇಬರು. "ಆಗ್ತಾವ ಇಂಥವು."

"ಇದಕ್ಕೂ ಅದೇ ಶಬ್ದ ಬರೀತೀರೇನ್ರಿ?" ಎಂದಳು ಸುಮನ.

ಸಾಹೇಬರು ಫೈಲು ಮುಚ್ಚಿದರು. ಶಬ್ದ ಧಮ್ಮಪಾಲನ ಮೇಲೆಯೇ ಉಳಿಯಿತು, ನೌಕರಿ ಹೋಯಿತು. ಸತ್ತವರಿಗೆ ಹಚ್ಚಲೆಂದೇ ಇಟ್ಟ ಶಬ್ದವದು. ಕುರ್ಚಿಯಲ್ಲಿ ಕೂತವರಿಗೆ ಅಂಟುವುದಿಲ್ಲ.

ಸುಮನ ಈಗ ಭಾಲ್ಕಿಯಲ್ಲಿ ಹೊಲಿಗೆ ಮಾಡುತ್ತಾಳೆ. ಕಂಬ ಹತ್ತುವ ಮುಂಚೆ ನಾನು ಟವಲು ಕಟ್ಟಿ, ಅದರ ಫೋಟೋ ತೆಗೆದು ಅವಳಿಗೆ ಕಳಿಸುತ್ತೇನೆ. ಇಳಿದ ಮೇಲೆ ಫೋನು ಮಾಡಬೇಕು. ಅವಳೇ ಹಾಗೆ ಕೇಳಿಕೊಂಡಿದ್ದಾಳೆ.

ಮೊನ್ನೆ ಇಳಿದವನು ಮರೆತು, ಹೋಟೆಲಿನಲ್ಲಿ ಹರಟುತ್ತ ಕೂತಿದ್ದೆ. ಫೋನು ಬಂತು.

"ಸಲಾವೋದ್ದೀನ ಅಣ್ಣ, ಇಳಿದೀರೇನ್ರಿ?"

"ಇಳಿದೀನವ್ವ. ಮರ್ತಿದ್ದೆ," ಎಂದೆ.

ಫೋನಿನಲ್ಲಿ ಅವಳ ಅಳು ಕೇಳಿತು. ಸಾಹೇಬರು ಬಿಡಿಸಿ ಹೇಳಿದಾಗಲೂ ತಿಳಿಯದ ಆ ಇಂಗ್ಲಿಷ್ ಶಬ್ದದ ಅರ್ಥ ನನಗೆ ಆಗ ತಿಳಿಯಿತು.