ಮಗಳು ಕಲಿಸಿದ ಭಾಷೆ

ಅಕ್ಕನ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಷೆ. ಅಕ್ಕ ಅತ್ತೆಯ ಜೊತೆ ಆಡುವುದು ಒಂದು. ಐಸ್ ಫ್ಯಾಕ್ಟರಿಗೆ ಹೋಗುವ ಭಾವನ ಜೊತೆ, ಮದುವೆಗೆ ಮುಂಚೆ ಇಬ್ಬರೂ ಒಂದೇ ಕಡೆ ಕೆಲಸಕ್ಕಿದ್ದಾಗ ರೂಢಿಯಾದ ಇನ್ನೊಂದು. ಬಟ್ಟೆ ಹೊಲಿಸಲು ಬರುವವರ ಜೊತೆ ಅವರವರದು. ತಂಗಿಯ ಜೊತೆ ಮಾತ್ರ ತವರಿನ ಕನ್ನಡ. ಸಮುದ್ರದ ಪಕ್ಕದ ಆ ಊರಿನಲ್ಲಿ ಯಾರಿಗೂ ಇದು ವಿಶೇಷವೇ ಅಲ್ಲ. ಬಂದ ಎರಡೇ ದಿನಕ್ಕೆ ತಂಗಿಗೂ ಅಭ್ಯಾಸವಾಯಿತು. ಒಳಮನೆಯಲ್ಲಿ ಕೂತು ಅಕ್ಕನ ದನಿ ಕೇಳಿದರೆ ಸಾಕು, ಅರ್ಥವಾಗದಿದ್ದರೂ ಎದುರಿಗೆ ಯಾರಿದ್ದಾರೆ ಎಂದು ಹೇಳಿಬಿಡುತ್ತಿದ್ದಳು.

"ನಿನ್ನ ನಾಲಿಗೆ ಗಳಿಗೆಗೊಂದು ಬಟ್ಟೆ ಬದಲಾಯಿಸುತ್ತಲ್ಲೇ ಅಕ್ಕಾ."

"ಒಂದೇ ಭಾಷೇಲಿ ನೀನು ಇಷ್ಟು ಜಗಳ ಆಡ್ತೀಯ. ನಾಲ್ಕು ಬಂದಿದ್ರೆ ಊರು ಉಳೀತಿತ್ತಾ?"

ತಂಗಿ ಬಂದದ್ದು ಐದು ವರ್ಷದ ಪುಟ್ಟಿಯನ್ನು ಅಲ್ಲಿ ಬಿಟ್ಟು ಹೋಗಲು. ಮೂರು ತಿಂಗಳ ನರ್ಸ್ ತರಬೇತಿ. ಹಾಸ್ಟೆಲಿನಲ್ಲಿ ಮಕ್ಕಳನ್ನು ಸೇರಿಸುವುದಿಲ್ಲ. ಗಂಡನಿಲ್ಲದ ಸಂಸಾರ, ಮಗುವನ್ನು ಇನ್ನು ಯಾರ ಮಡಿಲಿಗೆ ಹಾಕುವುದು? ಅಕ್ಕನಿಗೂ ಮನೆ ತುಂಬಿದಂತಾಗುತ್ತದೆ ಎಂದುಕೊಂಡಿದ್ದಳು. ಎರಡು ವರ್ಷದ ಹಿಂದೆ ಅಕ್ಕನ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿದ್ದಳು. ಅವಳಿಗೂ ಆಗ ಐದು.

ಮೂರನೆಯ ದಿನ ಬೆಳಿಗ್ಗೆ ತಂಗಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಮುಂದಿನ ಕೋಣೆಯ ಹೊಲಿಗೆ ಯಂತ್ರ ನಿಂತಿತು. ಅಕ್ಕ ಮಾತಾಡತೊಡಗಿದಳು. ಅದು ಅತ್ತೆಯ ಭಾಷೆಯಲ್ಲ, ಭಾವನದಲ್ಲ, ಗಿರಾಕಿಗಳದೂ ಅಲ್ಲ. ಪ್ರತಿ ಮಾತಿನ ತುದಿಯೂ ಸ್ವಲ್ಪ ಮೇಲಕ್ಕೇಳುವ, ಹಾಡಿನಂಥ ಭಾಷೆ. ಒಂದು ಮಾತು, ಸ್ವಲ್ಪ ಬಿಡುವು, ಸಣ್ಣ ನಗು, ಮತ್ತೆ ಮಾತು. ತಂಗಿಯ ಕೈ ಸೋಪಿನ ನೊರೆಯಲ್ಲೇ ನಿಂತಿತು. ಇದನ್ನು ಅವಳು ಹಿಂದೆ ಫೋನಿನಲ್ಲಿ ಕೇಳಿದ್ದಳು.

ಪಕ್ಕದ ಮನೆಯ ಮಕ್ಕಳ ಜೊತೆ ಆಡಿ ಆಡಿ ಆ ಭಾಷೆಯನ್ನು ಮನೆಗೆ ತಂದವಳು ಅಕ್ಕನ ಮಗಳು. ಅಕ್ಕನಿಗೆ ಕಲಿಸಿದವಳೂ ಅವಳೇ. ತಾಯಿ ಮಗಳಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಅದು ಯಾರಿಗೂ ಬರುತ್ತಿರಲಿಲ್ಲ. ಆ ನೆರೆಯವರು ಮನೆ ಖಾಲಿ ಮಾಡಿಕೊಂಡು ಹೋಗಿ ವರ್ಷವೇ ಆಗಿತ್ತು.

ಒದ್ದೆ ಕೈಯಲ್ಲೇ ಬಂದು ಬಾಗಿಲ ಸಂದಿಯಿಂದ ನೋಡಿದಳು. ಮೇಜಿನ ಮೇಲೆ ಕತ್ತರಿ, ಹಳದಿ ಬಟ್ಟೆ, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಸೂಜಿಗಳನ್ನು ಹುದುಗಿಸಿಟ್ಟ ಮಕ್ಕಳ ಪೌಡರ್ ಡಬ್ಬಿ. ಪುಟ್ಟಿ ಮೂಲೆಯಲ್ಲಿ ಗುಂಡಿಗಳನ್ನು ಸುರುವಿಕೊಂಡು ಎರಡು ಪಾಲು ಮಾಡುತ್ತಿದ್ದಳು. ಅಕ್ಕ ನಡುಮನೆಯ ಕಡೆಗೆ ಬೆನ್ನು ಮಾಡಿ ಮೊಣಕಾಲೂರಿದ್ದಳು. ಅಳತೆ ಟೇಪಿನ ಎರಡೂ ತುದಿ ಅವಳ ಬೆರಳಲ್ಲಿತ್ತು. ಟೇಪು ಜೋಲಲಿಲ್ಲ; ಮಗುವಿನ ಸೊಂಟದ ಎತ್ತರದಲ್ಲಿ ದುಂಡಗೆ ನಿಂತಿತ್ತು.

"ಯಾರ ಹತ್ರ ಅಕ್ಕಾ ಮಾತು?"

"ಹ್ಞಾ? ಪುಟ್ಟಿಗೆ ಫ್ರಾಕು ಹೊಲೀತಿದೀನಿ ಕಣೆ. ಆಟ ಬಿಟ್ಟು ಏಳಲ್ಲ ಅಂತಾಳೆ. ಇಬ್ಬರದೂ ಒಂದೇ ಅಳತೆ ಅಲ್ವಾ."

ತಂಗಿ ಪುಟ್ಟಿಯ ಕಡೆ ನೋಡಿದಳು. ಅಕ್ಕ ಹೋದವಳನ್ನು ಪುಟ್ಟಿಯಲ್ಲಿ ಹುಡುಕುತ್ತಿದ್ದಾಳೆ. ಮೂರು ತಿಂಗಳು ಕಳೆದು ಬಂದರೆ ನನ್ನ ಮಗಳು ನನ್ನ ಮಗಳಾಗಿಯೇ ಸಿಗುತ್ತಾಳಾ? ತರಬೇತಿ ಹಾಳಾಗಿ ಹೋಗಲಿ ಎಂದು, ರಾತ್ರಿಯಾಗುವ ಮುಂಚೆಯೇ ಬ್ಯಾಗು ತುಂಬಿದಳು.

ಮಾರನೆಯ ದಿನ ಹೊರಡುವಾಗ ಅತ್ತೆ ತಮಗೆ ಬರುವ ಅರೆಬರೆ ಕನ್ನಡದಲ್ಲಿ, "ಎಷ್ಟು ಜನ ಬಂದ್ರೋ ಅಷ್ಟೇ ಜನ ಹೋಗಿ" ಎಂದರು. ತಮಾಷೆ ಇರಬೇಕೆಂದು ತಂಗಿ ನಕ್ಕಳು. ಅತ್ತೆ ನಗಲಿಲ್ಲ.

ಅಕ್ಕ ಬಸ್ ಸ್ಟಾಪಿನವರೆಗೂ ಬಂದಳು. ಅಳಲಿಲ್ಲ, ತಡೆಯಲಿಲ್ಲ. ಫ್ರಾಕಿನ ಪೊಟ್ಟಣವನ್ನು ಪುಟ್ಟಿಯ ಕೈಗಿಟ್ಟು, "ಅಮ್ಮಂಗೆ ಕಾಟ ಕೊಡಬೇಡ, ಆಯ್ತಾ ಕಂದಾ?" ಎಂದಳು. ಕನ್ನಡದಲ್ಲೇ. ತಂಗಿಗೆ ನಾಚಿಕೆಯಾಯಿತು. ಇಷ್ಟು ದಿನದಲ್ಲಿ ಅಕ್ಕ ಪುಟ್ಟಿಯ ಜೊತೆ ಒಮ್ಮೆಯಾದರೂ ಬೇರೆ ಭಾಷೆ ಆಡಿದ್ದುಂಟೆ?

ಬಸ್ಸಿನಲ್ಲಿ ಮೂರು ಜನ ಕೂರುವ ಸೀಟು. "ಕಿಟಕಿ ಹತ್ರ ಸರಿದು ಕೂತ್ಕೋ ಪುಟ್ಟಿ."

"ಅಲ್ಲಿ ಜಾಗ ಇಲ್ಲಮ್ಮ."

ಬಸ್ಸು ಹೊರಟಿತು. ಕೆಳಗೆ ಅಕ್ಕ ಮನೆಯ ಕಡೆ ತಿರುಗಿ, ಪಕ್ಕಕ್ಕೆ, ಸೊಂಟದಿಂದ ಕೆಳಗೆ ಕೈ ಚಾಚಿದಳು. ಕೈ ತಡಕಾಡಿತು. ಹಿಂದೆ ಮುಂದೆ ನೋಡಿದಳು. ಥಟ್ಟನೆ ತಲೆಯೆತ್ತಿ ಬಸ್ಸಿನ ಹಿಂದೆ ಓಡತೊಡಗಿದಳು, ಕೂಗುತ್ತ, ಅದೇ ಹಾಡಿನಂಥ ಭಾಷೆಯಲ್ಲಿ. ಅವಳ ಕಣ್ಣು ಪುಟ್ಟಿಯ ಮೇಲಿರಲಿಲ್ಲ. ಕಿಟಕಿ ಪಕ್ಕದ ಖಾಲಿ ಜಾಗದ ಮೇಲಿತ್ತು.

ತಂಗಿಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಜನಜಂಗುಳಿಯಲ್ಲಿ ಕೈ ತಪ್ಪಿದ ಪುಟ್ಟಿಯನ್ನು ಒಮ್ಮೆ ತಾನೂ ಹೀಗೆಯೇ ಕೂಗಿದ್ದಳು.

"ನಿಲ್ಸಿ! ಬಸ್ ನಿಲ್ಸಿ!"

ಕಂಡಕ್ಟರ್ ಗೊಣಗುತ್ತ ಬಾಗಿಲು ತೆಗೆದ. "ಇಳಿಯೋರು ಯಾರಮ್ಮಾ?"

ತಂಗಿ ಎದ್ದಳು, ಇಳಿಯಲಿಲ್ಲ. ಪುಟ್ಟಿಯ ಕಾಲುಗಳನ್ನು ಒಂದು ಬದಿಗೆ ಸರಿಸಿ, ಬ್ಯಾಗನ್ನು ಎದೆಗೊತ್ತಿಕೊಂಡು ದಾರಿ ಬಿಟ್ಟು ನಿಂತಳು. ಸೂಜಿ ಡಬ್ಬಿಯ ಪೌಡರಿನ ವಾಸನೆ ಮೊಣಕೈ ಸವರಿಕೊಂಡು ಹಾದುಹೋಯಿತು.

ರಸ್ತೆಯಲ್ಲಿ ಅಕ್ಕ ಏದುಸಿರು ಬಿಡುತ್ತ ಕೈ ಚಾಚಿ ನಿಂತಿದ್ದಳು. ನಿಧಾನವಾಗಿ ಅವಳ ಬೆರಳುಗಳು ಮಡಿಚಿಕೊಂಡವು.

"ಯಾರಮ್ಮಾ ಇಳಿಯೋದು? ಹೊತ್ತಾಗುತ್ತೆ!"

"ಇಳಿದಾಯ್ತಣ್ಣಾ," ಎಂದಳು ತಂಗಿ. "ಹೊರಡಿ."

ಪುಟ್ಟಿ ಕಿಟಕಿ ಪಕ್ಕಕ್ಕೆ ಸರಿದು ಕೂತಳು.