ಅರಳಿಕಟ್ಟೆಗೆ ಇಳಿದ ಪಟಗಳು

ಹೆಡತಲೆಯ ಹೆಂಗಸರ ಸಂಘದ ಕೋಣೆಯಲ್ಲಿ ಹುರಿದ ರಾಗಿಯ ಘಮ ಮಂಜಿನಂತೆ ಕೂತಿತ್ತು. ಕಂಪ್ಯೂಟರಿನಲ್ಲಿ ಹೊಸ ಮೇಲ್ ಬರೆದರೆ ಹೋಗುತ್ತಿತ್ತು. ಬಂದ ಮೇಲ್‌ಗೆ ಉತ್ತರ ಬರೆದು ‘ಕಳಿಸು’ ಒತ್ತಿದರೆ ಮಾತ್ರ, ನಿದ್ದೆ ಹತ್ತಿದ ಕಣ್ಣಿನ ಹಾಗೆ ಎಲ್ಲ ಮುಚ್ಚಿಕೊಳ್ಳುತ್ತಿತ್ತು.

ಮೈಸೂರಿನ ಹಾಸ್ಟೆಲೊಂದು ವರ್ಷಪೂರ್ತಿ ರಾಗಿಹಿಟ್ಟು ಕೇಳಿತ್ತು. ಒಪ್ಪಿಗೆಯನ್ನು ಅದೇ ಮೇಲ್‌ಗೆ ಉತ್ತರವಾಗಿ ಸಂಜೆಯೊಳಗೆ ಕಳಿಸಬೇಕು. ತಪ್ಪಿದರೆ ಕೆಲಸ ಬೇರೆಯವರ ಪಾಲು. ಅಧ್ಯಕ್ಷೆ ಪುಟ್ಟಗೌರಮ್ಮ ಟಿ. ನರಸೀಪುರದಿಂದ ಸಂಘಮಿತ್ರಾಳನ್ನು ಕರೆಸಿದ್ದರು. ಕನ್ನಡದ ಆ ಮೇಲ್ ಪ್ರೋಗ್ರಾಮನ್ನು ಸಂಘಕ್ಕೆ ಮಾಡಿಕೊಟ್ಟವಳು ಅವಳೇ.

ಹೊಳೆಯ ನೀರು ನೋಡುವವಳಂತೆ ಸಂಘಮಿತ್ರಾ ಪರದೆ ನೋಡುತ್ತ ಕೂತಳು. ತನ್ನದೇ ಒಂದು ಮೇಲ್‌ಗೆ ಪುಟ್ಟ ಉತ್ತರ ಕಳಿಸಿ ನೋಡಿದಳು, ಅದು ಮಾತ್ರ ಹೋಯಿತು. ಆಮೇಲೆ ಹಾಸ್ಟೆಲಿನ ಮೇಲ್ ತೆರೆದು ಕೆಳಕ್ಕೆ ಸರಿಸಿದಳು. ನಂಜುಂಡೇಶ್ವರ ಕಂಡ. ಇನ್ನೂ ಸರಿಸಿದಳು, ಮತ್ತೆ ನಂಜುಂಡೇಶ್ವರ. ಕನ್ನಡಿಯೊಳಗಿನ ಕನ್ನಡಿಯ ಹಾಗೆ ಒಂದರ ಕೆಳಗೊಂದು ವಿಭೂತಿ, ಬಿಲ್ವಪತ್ರೆ, ದೀಪದ ಬೆಳಕು.

ದೇವರ ಪಟವಿಲ್ಲದೆ ಪುಟ್ಟಗೌರಮ್ಮ ಏನನ್ನೂ ಬರೆದವರಲ್ಲ. ಪ್ರತಿ ಉತ್ತರದ ನೆತ್ತಿಗೂ ದೊಡ್ಡದೊಂದು ಫೋಟೊ ಇಟ್ಟಿದ್ದರು. ಹಳೆಯ ಮೇಲ್‌ಗಳು ಉತ್ತರದ ಬೆನ್ನಿಗೇ ಅಂಟಿ ಬರುವಾಗ ಹಳೆಯ ಪಟಗಳೂ ಬರುತ್ತಿದ್ದವು. ಅಷ್ಟನ್ನೂ ಹೊರಲಾರದೆ ಪ್ರೋಗ್ರಾಮು ಕುಸಿಯುತ್ತಿತ್ತು.

ಹಳೆಯ ಪಟಗಳನ್ನು ಅಳಿಸಿಬಿಡೋಣ ಎಂದಳು ಸಂಘಮಿತ್ರಾ. ಪುಟ್ಟಗೌರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

“ಕೆಲ್ಸ ಓದ್ರೆ ಓಗ್ಲಿ ಕಣವ್ವ. ದೇವ್ರ್ನ ಅಳ್ಸುದ್ಲು ಅನ್ನುಸ್ಕೊಳಕಾಯ್ತದಾ?”

ಸಂಘಮಿತ್ರಾ ಹೊರಗೆ ನೋಡಿದಳು. ಕಿಟಕಿಯಾಚೆ ಅರಳಿಮರ ಗಾಳಿಯಿಲ್ಲದೆಯೂ ಎಲೆ ಆಡಿಸುತ್ತಿತ್ತು. ಅದರ ಕಟ್ಟೆಯ ಮೇಲೆ ಯಾರ್ಯಾರದೋ ಮನೆಯ ಗೋಡೆಯಿಂದ ಇಳಿದ ದೇವರ ಪಟಗಳು, ಗಾಜು ಒಡೆದು ಬಣ್ಣ ಮಾಸಿ, ಬುಡಕ್ಕೊರಗಿ ಕೂತಿದ್ದವು. ಅವಳ ಮನೆಯ ಪಟದಲ್ಲಿ ಬುದ್ಧನೂ ಅಂಥದೇ ಮರದಡಿ ಕೂತಿದ್ದ.

“ಅಳ್ಸೋದ್ ಬ್ಯಾಡ, ಗೌರಮ್ಮೋರೇ. ಅಳೇವ್ನ ಅರಳಿಕಟ್ಟೇಲಿ ಮಡಗ್ಬುಟ್ಟು, ಒಂದೇ ಒಂದ್ ಪಟ ಜೊತೇಲಿ ಕಳ್ಸಾನ?”

ಪುಟ್ಟಗೌರಮ್ಮ ಕಿಟಕಿಗೆ ಬಂದು ಕಟ್ಟೆಯ ಪಟಗಳನ್ನು ನೋಡಿದರು. ಪಟ ಹಳತಾದರೆ ತಮ್ಮ ಅಜ್ಜಿ, ಅವ್ವ ಎಲ್ಲ ಮಾಡಿದ್ದೂ ಅದೇ ಎಂದರು.

ಕಂಪ್ಯೂಟರಿನಲ್ಲಿ ‘ಅರಳಿಕಟ್ಟೆ’ ಎಂಬ ಫೋಲ್ಡರು ಹುಟ್ಟಿತು. ಉತ್ತರ ಹೊರಡುವ ಮೊದಲು ಹಳೆಯ ಪಟಗಳನ್ನು ಅಲ್ಲಿಟ್ಟು ಹೋಗುವಂತೆ ಸಂಘಮಿತ್ರಾ ಪ್ರೋಗ್ರಾಮಿಗೆ ಕೆಲವು ಸಾಲು ಸೇರಿಸಿದಳು. ಪುಟ್ಟಗೌರಮ್ಮ ಕೈಮುಗಿದು ತಾವೇ ‘ಕಳಿಸು’ ಒತ್ತಿದರು.

ಪರದೆ ಮುಚ್ಚಲಿಲ್ಲ. ಕಟ್ಟೆಯ ಮೇಲೆ ಬಿಸಿಲು ಇನ್ನೂ ಇರುವಾಗಲೇ ಹಾಸ್ಟೆಲಿನಿಂದ ಮರುನುಡಿ ಬಂತು: ಸೋಮವಾರದಿಂದ ಹಿಟ್ಟು ಕಳಿಸಿ. ಅದರ ಕೆಳಗೆ ಒಬ್ಬನೇ ನಂಜುಂಡೇಶ್ವರ.

“ಈಗ ಉಸ್ರಾಡ್ಕೊಂಡವ್ನೆ ನಮ್ಮಪ್ಪ,” ಎನ್ನುತ್ತ ಪುಟ್ಟಗೌರಮ್ಮ ಒಲೆಗೆ ಸೌದೆ ಇಡಲು ಹೊರಟರು.